ಅದೇ ನೀರು

ನಮ್ಮ ಅಕ್ಕನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಎಡಿಸನ್ ಅಂತ ಊರು. ಪ್ರತಿ ವರ್ಷ ದೀಪಾವಳಿ ಮುಂದೆ ಇದ್ದಾಗ ತಪ್ಪದೆ ಫೋನ್ ಮಾಡುತ್ತಾನೆ. ಈ ಸಲ ಮಾಡಿದಾಗ ಏದುಸಿರು ಬಿಡುತ್ತಿದ್ದ. ಏನಪಾ ಅಂದರೆ, "ಪೂಲ್ ಕ್ಲೋಸ್ ಮಾಡಾಕತ್ತೀನಿ ಮಾಮಾ" ಅಂದ. ಈಜುಕೊಳವನ್ನು ಮುಚ್ಚುವುದೆಂದರೆ ಅಂಗಡಿ ಬಾಗಿಲು ಹಾಕಿದಂತೆ ಅಂದುಕೊಂಡಿದ್ದೆ. ಅಷ್ಟು ಸಲೀಸಲ್ಲವಂತೆ. ಚಳಿ ಬೀಳುವ ಮೊದಲು ಕೊಳದ ನೀರನ್ನು ಒಂದಿಷ್ಟು ಇಳಿಸಬೇಕು, ಪೈಪಿನೊಳಗೆ ಉಳಿದ ನೀರನ್ನು ಗಾಳಿ ಊದಿ ಹೊರಗೆ ಹಾಕಬೇಕು. ಇಲ್ಲದಿದ್ದರೆ ಅದು ಹೆಪ್ಪುಗಟ್ಟಿ ಹಿಗ್ಗಿ ಪೈಪನ್ನೇ ಸೀಳಿಬಿಡುತ್ತದೆ. ಕೊನೆಗೆ ಮೇಲೊಂದು ಹೊದಿಕೆ. ಮೇ ತಿಂಗಳು ಬಂದ ಮೇಲೆ ಇದನ್ನೆಲ್ಲ ಹಿಂದುಮುಂದಾಗಿ ಮತ್ತೆ ಮಾಡಬೇಕು. ಅದರ ಪಕ್ಕದಲ್ಲೇ ಒಂದು ಬಿಸಿನೀರಿನ ತೊಟ್ಟಿ, ಹಾಟ್ ಟಬ್ಬು. ಅದರ ನೀರನ್ನು ಮೂರ್ನಾಲ್ಕು ತಿಂಗಳಿಗೊಮ್ಮೆ ಪೂರ್ತಿ ಚೆಲ್ಲಿ, ಒಳಗೆ ಉಜ್ಜಿ, ಹೊಸ ನೀರು ತುಂಬಬೇಕು. ಆಮೇಲೆ ನಡುಮನೆಯ ಬೆಂಕಿಗೂಡು. ಕಟ್ಟಿಗೆಯ ಹೊಗೆ ಚಿಮಣಿಯೊಳಗೆ ತಣ್ಣಗಾಗಿ ಡಾಂಬರಿನಂಥ ಮಸಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಕಿಡಿ ತಗುಲಿದರೆ ಚಿಮಣಿಯೇ ಹತ್ತಿ ಉರಿಯುತ್ತದೆ. ಚಿಮಣಿ ಕಟ್ಟಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಚಿಮಣಿ ನೋಡುವವನನ್ನು ಕರೆಸುತ್ತಾನೆ.

ಇಷ್ಟು ಹೇಳಿ ಒಂದು ಪ್ರಶ್ನೆ ಕೇಳಿದ. "ನಮ್ಮ ಬಾಜೂಮನಿಯವಾ ಆರು ವರ್ಷ ಆತು, ಚಿಮಣಿ ತೊಳಿಸೇ ಇಲ್ಲ. ಅವಗ ಏನೂ ಆಗಿಲ್ಲ. ನಾ ವರ್ಷಾ ರೊಕ್ಕ ಕೊಡತೀನಿ. ನನಗೂ ಏನೂ ಆಗಿಲ್ಲ. ಹಂಗಾದ್ರ ಶಾಣ್ಯಾ ಯಾರು ಮಾಮಾ?"

ನಗುತ್ತಲೇ ಕೇಳಿದ್ದು. ನನಗೆ ನಗು ಬರಲಿಲ್ಲ. ಫೋನ್ ಇಟ್ಟ ಮೇಲೆ ನನ್ನ ಹೆಂಡತಿ, "ಅವರಿಗಷ್ಟೇ ಅಂತ ತಿಳಕೊಂಡಾನ, ನಮ್ಮನಿ ಒಳಗೂ ಮೂರೂ ಅದಾವ" ಅಂದಳು. ಹೌದು. ರಾಯಚೂರಿನಲ್ಲಿ ಮನೆಗೊಂದು ಈಜುಕೊಳ ಎಲ್ಲಿಂದ ಬರಬೇಕು? ಆದರೆ ಅಂಗಳದ ಕೆಳಗೆ ಐದು ಸಾವಿರ ಲೀಟರಿನ ಸಂಪು ಇದೆ. ಬಚ್ಚಲಲ್ಲಿ ಗೀಜರ್ ಇದೆ, ಅಟ್ಟದ ಮೇಲೆ ಅವ್ವನ ತಾಮ್ರದ ಹಂಡೆ ಇದೆ. ಹಿತ್ತಲಲ್ಲಿ ಈಗ ಯಾರೂ ಹಚ್ಚದ ಒಂದು ಒಲೆ ಇದೆ. ಅವನ ಪ್ರಶ್ನೆಗೆ ಉತ್ತರ ಆ ಸಂಪಿನೊಳಗೇ ಇತ್ತು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಅಷ್ಟೇ. ಇಲ್ಲಿ ಬರೆಯುತ್ತಿದ್ದೇನೆ.

ಹಂಡೆಯಿಂದಲೇ ಶುರು ಮಾಡುತ್ತೇನೆ. ನಮ್ಮದು ದೇವದುರ್ಗದ ಕಡೆಯ ಹಳ್ಳಿ. ನರಕ ಚತುರ್ದಶಿಯ ಹಿಂದಿನ ದಿನ, ತ್ರಯೋದಶಿಯ ಸಂಜೆ, ನೀರು ತುಂಬುವ ಹಬ್ಬ. ಈಗಿನ ಮಕ್ಕಳಿಗೆ ದೀಪಾವಳಿ ಎಂದರೆ ಪಟಾಕಿ, ನಮ್ಮವ್ವನಿಗೆ ಅದು ಹಂಡೆ. ಬೆಳಗಿನಿಂದಲೇ ಹಂಡೆಯನ್ನು ಒಲೆಯಿಂದ ಕಿತ್ತು ಅಂಗಳಕ್ಕೆ ಉರುಳಿಸುತ್ತಿದ್ದಳು. ಬಾವಿ ನೀರು ಗಡಸು, ವರ್ಷವಿಡೀ ಕಾದು ಕಾದು ಒಳಗೆ ಸುಣ್ಣದ ಚಕ್ಕೆ ಕಟ್ಟಿರುತ್ತಿತ್ತು. ಹುಣಸೆಹಣ್ಣು ನೆನೆಹಾಕಿ, ಬೂದಿ ಬೆರೆಸಿ, ತೆಂಗಿನ ನಾರಿನಲ್ಲಿ ಉಜ್ಜುವುದು. ಹುಳಿ ಸುಣ್ಣವನ್ನೂ ಬಿಡಿಸುತ್ತದೆ, ತಾಮ್ರದ ಕಿಲುಬನ್ನೂ ಬಿಡಿಸುತ್ತದೆ. ಹೊರಮೈಗೆ ಮಾತ್ರ ಬೇರೆ ಉಪಾಯ. ತೊಳೆದು ಒಣಗಿಸಿದ ಮೇಲೆ ತಳಕ್ಕೆ ತೆಳ್ಳಗೆ ಮಣ್ಣು ಬಳಿಯುತ್ತಿದ್ದಳು. ಮಸಿ ಮಣ್ಣಿಗೆ ಹತ್ತುತ್ತದೆ, ತಾಮ್ರಕ್ಕೆ ಹತ್ತುವುದಿಲ್ಲ. ಒಲೆಯ ಬೂದಿಯನ್ನೆಲ್ಲ ತೋಡಿ ತೆಗೆದು, ಬಿರುಕಿಗೆ ಸೆಗಣಿ ಮಣ್ಣು ಮೆತ್ತಿ, ಸಾರಿಸಿ, ರಂಗೋಲಿ ಹಾಕಿ, ಹಂಡೆಯ ಕೊರಳಿಗೆ ಸುಣ್ಣದ ಪಟ್ಟೆ ಬರೆದು, ಬಳ್ಳಿ ಸುತ್ತಿ, ಆಮೇಲೆ ನೀರು. ಮರುದಿನ ನಸುಕಿನಲ್ಲಿ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ತುರುಕಿ ಉರಿ ಹಚ್ಚಿದರೆ, ಎಣ್ಣೆ ಹಚ್ಚಿಕೊಂಡು ಕೂತ ನಮಗೆಲ್ಲ ಹೊಗೆಯಿಂದ ಕಣ್ಣೀರು.

ಅಪ್ಪ ಚೇಷ್ಟೆ ಮಾಡುತ್ತಿದ್ದ. "ಮತ್ತ ನಾಳಿನಿಂದ ಕರ‍್ರಗ ಆಗೂದ ಅಲ್ಲೇನು, ಎದಕ್ಕ ಇಷ್ಟ್ ತಿಕ್ಕತಿ?" ಅವ್ವ ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ. ಉತ್ತರ ಕೊಡುವಷ್ಟು ಪುರಸೊತ್ತು ಅವಳಿಗೆ ಇರಲಿಲ್ಲ ಅನ್ನಿಸುತ್ತದೆ. ಮನೆ ಕಟ್ಟಿದವನ ಹೆಸರು ಊರಿಗೆ ಗೊತ್ತಿರುತ್ತದೆ. ಮನೆ ಬೀಳದ ಹಾಗೆ ವರ್ಷಾ ವರ್ಷಾ ಮಾಳಿಗೆಗೆ ಮಣ್ಣು ಹಾಕಿದವಳ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಅಂಥ ಕೆಲಸ ಸರಿಯಾಗಿ ಆದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅದರ ಫಲ. ಆಗದೆ ಉಳಿದದ್ದಕ್ಕೆ ಯಾರು ಕೈ ಮುಗಿಯುತ್ತಾರೆ?

ಇಷ್ಟು ಬರೆದು, ಹಳ್ಳಿಯ ಕಾಲವೇ ಚಲೋ ಇತ್ತು ಅಂತ ಹಾಡಲು ಹೊರಟಿದ್ದೇನೆ ಎಂದು ತಿಳಿಯಬೇಡಿ. ಹಂಡೆ ಫಳಫಳ ಹೊಳೆಯುತ್ತಿತ್ತು, ನಿಜ. ಅದಕ್ಕೆ ನೀರು ಬರುತ್ತಿದ್ದ ಬಾವಿಯ ಕಟ್ಟೆಯ ಆಚೆ, ಕೇರಿಯ ಹೆಣ್ಣುಮಕ್ಕಳು ಖಾಲಿ ಕೊಡ ಇಟ್ಟುಕೊಂಡು ಯಾರಾದರೂ ಸೇದಿ ಹಾಕಲಿ ಅಂತ ಬಿಸಿಲಲ್ಲಿ ಕಾಯುತ್ತಿದ್ದರು. ನಮ್ಮವ್ವ ಹಾಕುತ್ತಿದ್ದಳು, ಆದರೆ ಎತ್ತರದಿಂದ. ಮಡಿ ಮತ್ತು ಸ್ವಚ್ಛ ಎರಡೂ ಒಂದೇ ಎಂದು ನಾವು ತಿಳಿದುಕೊಂಡಿದ್ದೆವು. ಅವು ಬೇರೆ ಬೇರೆ. ಮಡಿಗೆ ಬೇಕಾದದ್ದು ಇನ್ನೊಬ್ಬರು ದೂರ ಇರುವುದು. ಸ್ವಚ್ಛಕ್ಕೆ ಬೇಕಾದದ್ದು ನಾವು ಕೈ ಹಾಕುವುದು. ಈ ಮಾತು ಮುಂದೆ ನನಗೇ ತಿರುಗಿ ಬರುತ್ತದೆ.

2006ರಲ್ಲಿ ರಾಯಚೂರಿನಲ್ಲಿ ಮನೆ ಕಟ್ಟಿಸಿದೆ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ, ಬಂದಾಗ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ಸಂಪು. ಮೊದಲಿನ ಹನ್ನೆರಡು ಹದಿಮೂರು ವರ್ಷ ಉಗಾದಿಗೊಮ್ಮೆ ದೀಪಾವಳಿಗೊಮ್ಮೆ ತಪ್ಪದೆ ತೊಳೆಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಮಳೆಗಾಲದಲ್ಲಿ ಕೃಷ್ಣೆ ತುಂಗಭದ್ರೆ ಎರಡೂ ಕೆಂಪಾಗಿ ಹರಿಯುತ್ತವೆ, ಆ ಮಣ್ಣು ಸಂಪಿನ ತಳದಲ್ಲಿ ಕೂತಿರುತ್ತದೆ, ಅದನ್ನು ದೀಪಾವಳಿಗೆ ತೆಗೆಯಬೇಕು. ಬೇಸಿಗೆಗೆ ಮುಂಚೆ ಇನ್ನೊಮ್ಮೆ, ಯಾಕೆಂದರೆ ನಲವತ್ತೆರಡು ನಲವತ್ಮೂರು ಡಿಗ್ರಿ ಕಾಯುವ ಈ ಊರಿನಲ್ಲಿ ನೀರು ಕಡಿಮೆ, ಕೊಳೆ ಗಟ್ಟಿ. ಅವ್ವನ ಪಂಚಾಂಗವೇ ಅದು, ನಾನು ಸಿಮೆಂಟಿಗೆ ಅನ್ವಯಿಸಿದ್ದೆ ಅಷ್ಟೆ.

2018ರಲ್ಲಿ ಅಡುಗೆಮನೆಗೆ ಆರ್‌ಓ ಮಷೀನು ಬಂತು. ನಮ್ಮ ಜಿಲ್ಲೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ, ನೀರು ಸಾಲದಾದಾಗ ನಾವೂ ಬೋರಿನದ್ದೇ ಸಂಪಿಗೆ ಬಿಡುತ್ತಿದ್ದೆವು, ಹೀಗಾಗಿ ತಂದದ್ದು ತಪ್ಪಲ್ಲ. ತಪ್ಪು ಆಮೇಲಿನದು. 2019ರ ಉಗಾದಿಗೆ ಸಂಪು ತೊಳೆಸಿದ್ದೇ ಕೊನೆ. ಆ ದೀಪಾವಳಿಗೆ ತೊಳೆಯುವವನು ಸಿಗಲಿಲ್ಲ. ಮುಂದಿನ ಉಗಾದಿಗೆ ಲಾಕ್‌ಡೌನ್. ಅದರ ಮುಂದಿನದಕ್ಕೆ ಕಾರಣವೇ ಬೇಕಾಗಲಿಲ್ಲ. ನಾನು ಯಾವತ್ತೂ "ಇನ್ನು ತೊಳೆಸುವುದಿಲ್ಲ" ಎಂದು ನಿರ್ಧಾರ ಮಾಡಲಿಲ್ಲ. ಬಹುಶಃ ಕೆಟ್ಟ ಕೆಲಸಗಳಲ್ಲಿ ಅರ್ಧಕ್ಕರ್ಧ ಹೀಗೇ ಆಗುತ್ತವೆ, ನಿರ್ಧಾರವೇ ಇಲ್ಲದೆ.

ಈ ನಡುವೆ 2022ರ ಮೇ ತಿಂಗಳ ಕೊನೆ ಬಂತು. ರಾಯಚೂರಿನವರಿಗೆ ನೆನಪು ಮಾಡಿಕೊಡಬೇಕಿಲ್ಲ. ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಜನ ಸತ್ತರು, ವಾಂತಿಭೇದಿಯಾಗಿ ಎಷ್ಟೋ ಮಂದಿ ಆಸ್ಪತ್ರೆ ಸೇರಿದರು, ರಾಜ್ಯದ ಪತ್ರಿಕೆಗಳಲ್ಲೆಲ್ಲ ನಮ್ಮ ಊರಿನ ಹೆಸರು ಬಂತು. ಚಹಾದ ಅಂಗಡಿಯಲ್ಲಿ ನಾನು ಎಲ್ಲರಿಗಿಂತ ಜೋರಾಗಿ ಮಾತಾಡಿದೆ. ಜನಕ್ಕೆ ನೀರು ಕೊಡುವವರು ವರ್ಷಗಟ್ಟಲೆ ತೊಟ್ಟಿ ತೊಳೆಯದಿದ್ದರೆ ಅದು ಕೊಲೆಗೆ ಸಮ ಅಂದೆ. "ಅವರು ಮನ್ಯಾಗ ಇದೇ ನೀರು ಕುಡೀತಾರೇನು ಕೇಳ್ರಿ" ಅಂದೆ. ಸುತ್ತ ಕೂತವರು ತಲೆ ಆಡಿಸಿದರು. ಮನೆಗೆ ಬಂದು ಚಪ್ಪಲಿ ಬಿಟ್ಟದ್ದು ನನ್ನ ಸಂಪಿನ ಮುಚ್ಚಳದ ಮೇಲೆಯೇ. ಆ ತಿಂಗಳೂ ನಾನು ಅದನ್ನು ಎತ್ತಿ ನೋಡಲಿಲ್ಲ.

ನಮ್ಮ ಮನೆಯ ಹಿಂದೆ ಎರಡು ಕೋಣೆ ಇವೆ. ಬಾಡಿಗೆಗೆ ಮಾನ್ವಿ ಕಡೆಯ ಒಂದು ಸಂಸಾರ ಇತ್ತು. ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸ, ಹೆಂಡತಿ ಎರಡು ಮನೆಯಲ್ಲಿ ಮುಸುರೆ, ಆರು ವರ್ಷದ ಒಬ್ಬ ಮಗ. ಅವರಿಗೂ ನಮಗೂ ಸಂಪು ಒಂದೇ, ಮೇಲಿನ ಟ್ಯಾಂಕು ಒಂದೇ. ನಲ್ಲಿಯ ಬಾಯಿ ಮಾತ್ರ ಬೇರೆ. ನಮ್ಮ ನೀರು ಮಷೀನಿನೊಳಗೆ ಹಾದು ಬರುತ್ತಿತ್ತು, ಅವರದು ನೇರ ಕೊಡಕ್ಕೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ ಎಂದು ನಾನು ನನಗೇ ಹೇಳಿಕೊಂಡಿದ್ದೆ. ಅವರು ಕ್ಯಾನ್ ತರುವುದನ್ನು ಒಂದು ದಿನವೂ ನೋಡಿರಲಿಲ್ಲ. 2023ರ ಉಗಾದಿಯ ಮುಂದೆ ಆತ ಒಮ್ಮೆ ಕೇಳಿದ್ದ ಕೂಡ. "ಸರ್, ಟಾಕಿ ತೊಳಸೂದು ಐತೇನ್ರಿ?" ನಾನು "ನೋಡೋಣ ತಡಿ" ಅಂದಿದ್ದೆ.

ಆಗಸ್ಟಿನಲ್ಲಿ ಹುಡುಗನಿಗೆ ಜ್ವರ. ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದು ವಾರದ ಮೇಲೆ ರಕ್ತ ಪರೀಕ್ಷೆ ಮಾಡಿ ಟೈಫಾಯಿಡ್ ಅಂದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಒಂದು ರಾತ್ರಿಯಂತೂ ತಾಯಿ ನಮ್ಮ ಕಟ್ಟೆಗೆ ಬಂದು ಕೂತು ಏನೂ ಮಾತಾಡದೆ ಎದ್ದು ಹೋದಳು. ಹುಡುಗ ಉಳಿದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರ ಎದೆ ಹಿಡಿದಿಟ್ಟು ಆಟ ಆಡುವುದು ನನಗೆ ಸೇರುವುದಿಲ್ಲ.

ಅವನು ಆಸ್ಪತ್ರೆಯಲ್ಲಿದ್ದಾಗಲೇ ಮುಚ್ಚಳ ಎತ್ತಿದೆ. ತಳದಲ್ಲಿ ಅಂಗೈ ಮುಳುಗುವಷ್ಟು ಕೆಸರು. ಜಿರಳೆ ರೆಕ್ಕೆ, ಒಂದು ಹಲ್ಲಿ. ಹಲ್ಲಿ ನೋಡಿ ನನ್ನ ಹೆಂಡತಿ ಬಾಯಿ ಮುಚ್ಚಿಕೊಂಡಳು. ನನ್ನನ್ನು ಹೆದರಿಸಿದ್ದು ಹಲ್ಲಿಯಲ್ಲ. ಟೈಫಾಯಿಡ್ ರೋಗಾಣು ಹಲ್ಲಿಯಿಂದ ಬರುವುದಿಲ್ಲ, ಮನುಷ್ಯನ ಮಲದಿಂದ ಮನುಷ್ಯನ ಬಾಯಿಗೇ ಬರುತ್ತದೆ. ಸಂಪಿನ ಒಂದು ಗೋಡೆಯಲ್ಲಿ ಕೂದಲೆಳೆಗಿಂತ ದಪ್ಪದ ಬಿರುಕು ಇತ್ತು, ಅದರ ಸುತ್ತ ಕಪ್ಪು ತೇವ. ಆ ಗೋಡೆಯ ಆಚೆ ಓಣಿಯ ಚರಂಡಿ. ವರ್ಷಕ್ಕೆರಡು ಸಲ ಒಳಗೆ ಮನುಷ್ಯ ಇಳಿದಿದ್ದರೆ ಆ ಬಿರುಕು ಕೂದಲೆಳೆಯಷ್ಟಿದ್ದಾಗಲೇ ಕಣ್ಣಿಗೆ ಬೀಳುತ್ತಿತ್ತು.

ಹಾಗಂತ ಅಲ್ಲಿಂದಲೇ ಬಂತು ಎಂದು ಯಾರೂ ಹೇಳಲಿಲ್ಲ. ಡಾಕ್ಟರಿಗೆ ಕೇಳಿದೆ. ರೋಗಾಣು ಒಳಹೊಕ್ಕ ಒಂದರಿಂದ ಮೂರು ವಾರದ ಮೇಲೆ ಜ್ವರ ಬರುತ್ತದೆ, ಅಷ್ಟರಲ್ಲಿ ಹುಡುಗ ಎಲ್ಲೆಲ್ಲಿ ನೀರು ಕುಡಿದಿದ್ದಾನೋ, ಬಂಡಿಯ ಮೇಲಿನ ಪಾನಿಪುರಿಯೂ ಇರಬಹುದು, ಶಾಲೆಯ ನಲ್ಲಿಯೂ ಇರಬಹುದು ಅಂದರು. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು. ಹುಡುಗನ ಅಪ್ಪನಿಗೆ ಬಿರುಕು ತೋರಿಸಿದೆ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ, ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ. ಆತ ಬಗ್ಗಿ ನೋಡಿದ. "ಎಲ್ಲಾ ಕಡೀಗೂ ಹಿಂಗಾ ಐತ್ರಿ ಸರ್" ಅಂದ. ಬೈದಿದ್ದರೆ ಚಲೋ ಇತ್ತು.

ಎಲ್ಲಾ ಕಡೆಗೂ ಹೀಗೇ ಇತ್ತು. ಎದುರು ಮನೆಯವರ ಸಂಪನ್ನೂ ಅದೇ ವಾರ ತೆಗೆಸಿ ನೋಡಿದೆ. ಅವರಿಗೆ ಹೇಳಿ ಎಚ್ಚರಿಸಬೇಕೆಂಬ ಆಸೆ ಸ್ವಲ್ಪ, ನನ್ನದಕ್ಕಿಂತ ಕೆಟ್ಟದ್ದು ಇನ್ನೊಂದಿದೆ ಎಂದು ನೋಡುವ ಆಸೆ ಬಹಳ. ಅವರದು ನಮ್ಮದಕ್ಕಿಂತ ಹೊಲಸಾಗಿತ್ತು. ಅವರ ಮನೆಯಲ್ಲಿ ಯಾರಿಗೂ ಒಂದು ಸೀನೂ ಬಂದಿರಲಿಲ್ಲ. "ನೋಡ್ರಿ, ನಮ್ಮ ಹೊಟ್ಟಿ ಗಟ್ಟಿ ಅದಾವ" ಅಂತ ನಕ್ಕರು.

ನನ್ನ ತಲೆಯಲ್ಲಿ ಹುಳ ಹೊಕ್ಕದ್ದು ಆ ನಗುವಿನಿಂದ. ಅವರೂ ತೊಳೆಸಲಿಲ್ಲ, ನಾನೂ ತೊಳೆಸಲಿಲ್ಲ. ಅವರು ನಗಬಹುದು, ನನಗೆ ರಾತ್ರಿ ನಿದ್ದೆ ಇಲ್ಲ. ಇದು ನ್ಯಾಯವೇ?

ಇದನ್ನು ಬೇರೆಯವರೂ ಕೇಳಿದ್ದಾರೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ತತ್ವಶಾಸ್ತ್ರದ ಮೇಷ್ಟ್ರುಗಳು ಇದರ ಮೇಲೆ ಎದುರುಬದುರಾಗಿ ಲೇಖನ ಬರೆದರು. ನೈತಿಕ ಅದೃಷ್ಟ ಎಂದು ಅದಕ್ಕೆ ಹೆಸರು. ನೇಗೆಲ್ ಕೊಟ್ಟ ಒಂದು ಉದಾಹರಣೆ ನೋಡಿ ನಾನು ಬೆಚ್ಚಿದೆ. ಲಾರಿಯ ಬ್ರೇಕನ್ನು ಬಹಳ ದಿನ ಪರೀಕ್ಷೆ ಮಾಡಿಸದ ಒಬ್ಬ ಡ್ರೈವರ್. ದಾರಿಗೆ ಮಗು ಅಡ್ಡ ಬಂದರೆ ಅವನು ಜೀವನಪೂರ್ತಿ ತನ್ನನ್ನೇ ಬೈದುಕೊಳ್ಳುತ್ತಾನೆ. ಬರದಿದ್ದರೆ ಅದೇ ಬ್ರೇಕು, ಅದೇ ಸೋಮಾರಿತನ, ಆದರೆ ಸುಖವಾಗಿ ಮನೆಗೆ ಹೋಗಿ ಉಣ್ಣುತ್ತಾನೆ. ಮಗು ಬರುವುದು ಬಿಡುವುದು ಅವನ ಕೈಯಲ್ಲಿ ಇರಲಿಲ್ಲವಲ್ಲ? ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ನಾವು ಹೆಚ್ಚು ಕೆಟ್ಟವರಾಗುವುದು ಹೇಗೆ?

ನಮ್ಮ ಕಡೆ ಇದಕ್ಕೆ ಎರಡು ತಯಾರಾದ ಉತ್ತರಗಳಿವೆ. ಒಂದು, "ಅವರ ಹಣೇಬರಹ." ಹುಡುಗನಿಗೆ ಜ್ವರ ಬರುವುದು ಬರೆದಿತ್ತು, ನಿನ್ನ ಸಂಪು ನೆಪ ಮಾತ್ರ. ಇನ್ನೊಂದನ್ನು ಮಾನ್ವಿಯ ನಮ್ಮ ಹಿರಿಯ ನೆಂಟರೊಬ್ಬರು ಹೇಳಿದರು. ದಾಸರ ಊರಿನವರು, ಗೀತೆ ಬಾಯಿಗೆ ಬರುತ್ತದೆ. ಕರ್ಮದ ಮೇಲಷ್ಟೇ ನಿನಗೆ ಅಧಿಕಾರ, ಫಲವನ್ನು ಬಿಟ್ಟುಬಿಡು, ಸುಮ್ಮನೆ ಹಚ್ಚಿಕೊಂಡು ಕೊರಗಬೇಡ ಅಂದರು. ನಾನು ಅವರಿಗೆ, "ಮಾಮಾ, ನಾ ಫಲಾನೂ ಬಿಟ್ಟೆ, ಕರ್ಮಾನೂ ಬಿಟ್ಟೆ. ಅದಕ್ಕ ಏನ್ ಹೇಳ್ಯಾರ?" ಅಂದೆ. ಅವರಿಗೆ ಸಿಟ್ಟು ಬಂತು.

ನಾನು ಬಹಳ ದಿನ ಹೀಗೆ ವಾದ ಮಾಡಿಕೊಂಡೆ. ತಪ್ಪಿನ ಲೆಕ್ಕದಲ್ಲಿ ನಾನೂ ಎದುರು ಮನೆಯವರೂ ಸಮ, ಆದರೆ ಋಣದ ಲೆಕ್ಕದಲ್ಲಿ ಅಲ್ಲ. ತಪ್ಪು ಮಾಡಿದ್ದಕ್ಕೆ, ಋಣ ಆದದ್ದಕ್ಕೆ. ಹುಡುಗ ಆಸ್ಪತ್ರೆ ಸೇರಿದ ಕೂಡಲೇ ನಾನು ಆ ಮನೆಗೆ ಏನೋ ಕೊಡಬೇಕಾದವನಾದೆ, ಎದುರು ಮನೆಯವರು ಆಗಲಿಲ್ಲ. ಆಸ್ಪತ್ರೆಯ ಬಿಲ್ಲು ಕೊಟ್ಟೆ, ಎರಡು ತಿಂಗಳ ಬಾಡಿಗೆ ಬಿಟ್ಟೆ. ವಾದ ಚೆನ್ನಾಗಿತ್ತು. ಬಿಲ್ಲು ಕೊಟ್ಟ ಮೇಲೂ ನಿದ್ದೆ ಬರಲಿಲ್ಲ ಎಂಬುದೊಂದೇ ಅದರ ದೋಷ.

ನನ್ನ ಹೆಂಡತಿ ಇದನ್ನು ಬಿಡಿಸಿದಳು. ಅವಳದು ಮಾನ್ವಿ ತಾಲೂಕಿನ ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಮಗ್ಗುಲಿನದು. ಕಾಲುವೆ ವರ್ಷವಿಡೀ ಹರಿಯುವುದಿಲ್ಲ. ನೀರು ನಿಲ್ಲಿಸುವ ಮೊದಲು ಕುಡಿಯುವ ನೀರಿನ ಕೆರೆ ತುಂಬಿಸಿಟ್ಟುಕೊಳ್ಳಬೇಕು, ಬೇಸಿಗೆ ದಾಟುವುದು ಅದರಲ್ಲೇ. ಅವಳು ಸಣ್ಣವಳಿದ್ದಾಗ ಊರಿನ ಗೌಡರ ಮನೆಗೂ ಅದೇ ಕೆರೆ, ಕೂಲಿಯವರ ಮನೆಗೂ ಅದೇ ಕೆರೆ. ಯಾರಾದರೂ ಎಮ್ಮೆ ಇಳಿಸಿದರೆ ಗೌಡರೇ ಕೋಲು ಹಿಡಿದು ಓಡುತ್ತಿದ್ದರಂತೆ. "ಪರೋಪಕಾರಕ್ಕಲ್ಲ, ಅವರ ಹೊಟ್ಟಿಗೂ ಅದ ನೀರು ಹೋಗಬೇಕಲ್ಲ" ಅಂದಳು. ಆಮೇಲೆ ಗೌಡರ ಮನೆಗೆ ಕ್ಯಾನ್ ಬಂತು. ಕೋಲು ಮೂಲೆಗೆ ಹೋಯಿತು.

ಅವಳು ಇಷ್ಟೇ ಹೇಳಿ ಅಡುಗೆಮನೆಗೆ ಹೋದಳು. ನನಗೆ ಅರ್ಥವಾಯಿತು. ನಾನೂ ಎದುರು ಮನೆಯವರೂ ಸಮ ಅಲ್ಲವೇ ಅಲ್ಲ. ಅವರ ಮನೆಯಲ್ಲಿ ಮಷೀನಿಲ್ಲ. ಹೊಲಸೋ ಗಿಲಸೋ, ಅವರು ತಮ್ಮ ಸಂಪಿನ ನೀರನ್ನೇ ಕುಡಿಯುತ್ತಾರೆ, ಮಕ್ಕಳು ಮೊಮ್ಮಕ್ಕಳ ಸಮೇತ. ಅವರದು ಮೂರ್ಖತನ. ತಮ್ಮ ತಲೆಯ ಮೇಲೇ ತೂಗುತ್ತಿರುವ ಕಲ್ಲನ್ನು ನೋಡದವರ ಮೂರ್ಖತನ. ನಾನು ಕಲ್ಲಿನ ಕೆಳಗಿನಿಂದ ಸರಿದು ನಿಂತಿದ್ದೆ. ಆಮೇಲೆ ಮೇಲೆ ನೋಡುವುದನ್ನು ಬಿಟ್ಟೆ. ಇದರಲ್ಲಿ ಅದೃಷ್ಟದ ಮಾತು ಎಲ್ಲಿ ಬಂತು? ಹುಡುಗನಿಗೆ ಜ್ವರ ಬರದಿದ್ದರೂ, ಬಂದದ್ದು ಪಾನಿಪುರಿಯಿಂದಲೇ ಆಗಿದ್ದರೂ, ನಾನು ಮಾಡಿದ್ದು ಮಾಡಿದ್ದೇ. ಜ್ವರ ಅದನ್ನು ಹುಟ್ಟಿಸಲಿಲ್ಲ, ತೋರಿಸಿತು. ಎತ್ತರದಿಂದ ನೀರು ಹಾಕಿದ ಅವ್ವನಿಗೂ ನನಗೂ ಏನು ಫರಕು? ಅವಳ ಕಾಲಕ್ಕೆ ಮಡಿಯ ಗೆರೆ ಬಾವಿಕಟ್ಟೆಯ ಮೇಲಿತ್ತು. ನಾನು ಅದನ್ನು ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಕೂಡಿಸಿದ್ದೆ.

ನಮ್ಮ ಅಕ್ಕನ ಮಗನ ಚಿಮಣಿಯನ್ನೇ ತೆಗೆದುಕೊಳ್ಳಿ. ಅದು ಹೊತ್ತಿದರೆ ಮಲಗಿರುವುದು ಅವನೇ, ಅವನ ಹೆಂಡತಿ ಮಕ್ಕಳೇ. ಅವನ ಎಚ್ಚರಕ್ಕೆ ಯಾವ ಧರ್ಮಶಾಸ್ತ್ರವೂ ಬೇಕಿಲ್ಲ. ಬೆಂಕಿಗೂಡು ಇರುವ ಮನೆಯನ್ನು ಬಾಡಿಗೆಗೆ ಕೊಟ್ಟು, ತಾನು ಬೇರೆ ಕಡೆ ಮಲಗುವವನ ಎಚ್ಚರವೇ ನಿಜವಾದ ಪ್ರಶ್ನೆ. ಇದಕ್ಕೆ ನನ್ನ ಗೆಳೆಯನೊಬ್ಬ, "ಹಂಗಾದ್ರ ಡಾಕ್ಟರ್ ಆಗಾಕ ರೋಗ ಬಂದಿರಬೇಕೇನು?" ಅಂತ ತಕರಾರು ತೆಗೆದ. ಬೇಕಿಲ್ಲ. ಆದರೆ ರೋಗ ಬಾರದ ಡಾಕ್ಟರಿಗೆ ನಾಡಿ ಹಿಡಿದು ನೋಡಲೇಬೇಕು ಎಂಬ ಪದ್ಧತಿ ಇದೆ. ಹೊಟ್ಟೆ ನೆನಪು ಮಾಡಿಕೊಡುವುದಿಲ್ಲ ಎಂದ ಮೇಲೆ ಪಂಚಾಂಗವಾದರೂ ನೆನಪು ಮಾಡಿಕೊಡಬೇಕು. ನಾನು ಬಿಟ್ಟದ್ದು ಆ ಪಂಚಾಂಗವನ್ನು. ನಮ್ಮ ಕೋಟೆಯ ಮಗ್ಗುಲಿನ ಮಾವಿನಕೆರೆಯನ್ನು ನೋಡಿ. ಊರ ನಡುವೆ ಅಷ್ಟು ದೊಡ್ಡ ನೀರು, ಆದರೆ ಅದನ್ನು ಯಾರೂ ಕುಡಿಯುವುದಿಲ್ಲ. ಅದಕ್ಕೇ ಅದು ಯಾರದ್ದೂ ಅಲ್ಲ. ಕೂಲರಿನ ಕತೆಯೂ ಇಷ್ಟೇ. ಬೇಸಿಗೆಯಲ್ಲಿ ನಮ್ಮೂರಿನ ಕಿಟಕಿಗೊಂದು ಕೂಲರು, ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ವಾರ ಹತ್ತು ದಿನದೊಳಗೆ ರೆಕ್ಕೆ ಬಲಿತು ಹಾರುತ್ತದೆ, ನೀರು ಚೆಲ್ಲಿದರೂ ಅದರ ಮೊಟ್ಟೆ ಒಣಗಿದ ಗೋಡೆಗೆ ತಿಂಗಳುಗಟ್ಟಲೆ ಅಂಟಿಕೊಂಡಿರುತ್ತದೆ, ತಿಕ್ಕಿಯೇ ತೊಳೆಯಬೇಕು. ತಂಪು ನನ್ನ ಕೋಣೆಗೆ, ಸೊಳ್ಳೆ ಇಡೀ ಓಣಿಗೆ.

ಸಂಪು ತೊಳೆಸಿದ ದಿನದ ಮಾತು ಇನ್ನೊಂದಿದೆ. ತೊಳೆಯುವವನು ಬಂದ. ಎರಡಡಿ ಚೌಕದ ಬಾಯಿಯಲ್ಲಿ ಇಳಿಯಬೇಕು. ಪ್ರಾಯಶ್ಚಿತ್ತ ಮಾಡಿಕೊಳ್ಳುವ ಹುರುಪಿನಲ್ಲಿ ನಾನೇ ಇಳಿಯುತ್ತೇನೆ ಅಂದೆ. ನನ್ನ ಹೊಟ್ಟೆ ಆ ಬಾಯಿಗೆ ಒಪ್ಪಲಿಲ್ಲ. ಅವನು ನಕ್ಕು, "ನೀವು ಬ್ಯಾಟರಿ ಹಿಡೀರಿ ಸಾಕು" ಅಂದ. ಬ್ಯಾಟರಿ ಹಿಡಿದು ಕೂತಾಗ ಹೊಳೆಯಿತು, ಇಷ್ಟು ವರ್ಷ ನಾನು ಇವನನ್ನು ಇಳಿಸಿ ಒಳಗೆ ಹೋಗಿ ಪೇಪರ್ ಓದುತ್ತಿದ್ದೆ. ಮುಚ್ಚಿಟ್ಟ ಸಂಪಿನೊಳಗೆ ಉಸಿರಾಡುವ ಗಾಳಿ ಕಡಿಮೆಯಾಗಿರಬಹುದು, ಇಳಿದವನು ಅಲ್ಲೇ ತಲೆ ತಿರುಗಿ ಬೀಳಬಹುದು, ಎತ್ತಲು ಇಳಿದ ಎರಡನೆಯವನೂ ಬೀಳಬಹುದು. 2013ರ ಕಾಯ್ದೆ ರಕ್ಷಣೆಯ ಸಲಕರಣೆ ಇಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಶೌಚದ ಗುಂಡಿಗೆ ಇಳಿಸುವುದನ್ನು ನಿಷೇಧಿಸಿದೆ. ಕುಡಿಯುವ ನೀರಿನ ಸಂಪಿನ ಮಾತು ಅದರಲ್ಲಿಲ್ಲ. ನೀರು ಸ್ವಚ್ಛ, ಹಾಗಾಗಿ ಅಪಾಯವೂ ಇಲ್ಲ ಎಂದು ನಾವೆಲ್ಲ ಅಂದುಕೊಂಡಂತಿದೆ. ಈಗ ಮುಚ್ಚಳವನ್ನು ಹಿಂದಿನ ರಾತ್ರಿಯೇ ತೆಗೆದು, ಮೇಲೆ ಜಾಲರಿ ಇಟ್ಟು, ಫ್ಯಾನ್ ಹಚ್ಚಿ ಗಾಳಿ ಆಡಲು ಬಿಡುತ್ತೇವೆ. ಇಳಿದವನ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಹಿಡಿದ ಇಬ್ಬರು ಹೊರಗೆ. ಮಾತಾಡುತ್ತಲೇ ಇರಬೇಕು, ಮಾತು ನಿಂತರೆ ಎಳೆಯಬೇಕು. ಅವನು ಒಳಗಿರುವಾಗ ಬ್ಲೀಚಿಂಗ್ ಪೌಡರ್ ಮುಟ್ಟಬಾರದು, ಅದರ ಕ್ಲೋರಿನ್ ಗಾಳಿ ಅಷ್ಟು ಸಣ್ಣ ಜಾಗದಲ್ಲಿ ಉಸಿರು ಕಟ್ಟಿಸುತ್ತದೆ. ಗೋಡೆ ತಿಕ್ಕಿ, ಕೆಸರು ತೆಗೆದು, ಬಿರುಕಿಗೆ ಸಿಮೆಂಟು ತುಂಬಿ, ಅವನು ಹೊರಗೆ ಬಂದ ಮೇಲೆ ಔಷಧ. ಆಮೇಲೆ ತುಂಬಿದ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕರಗಿಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಹಾಕಿ, ಒಂದು ತಾಸು ಬಿಟ್ಟು ಬಳಸಬೇಕು. ಬಾಯಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದನ್ನು ಹಾಕಿದರೆ ಮನಸ್ಸಿಗಷ್ಟೇ ಸಮಾಧಾನ.

ಕೆಲಸ ಮುಗಿಸಿ ಮೇಲೆ ಬಂದವನಿಗೆ ನೀರು ಕೊಟ್ಟೆ. ಅವನು ತನ್ನ ಚೀಲದಿಂದ ಬಾಟಲಿ ತೆಗೆದು ಕುಡಿದ. "ದಿನಾ ಹತ್ತ್ ಮನಿ ಸಂಪು ನೋಡತೀನ್ರಿ ಸರ್, ಯಾರ ಮನಿ ನೀರೂ ಬ್ಯಾಡ ಅನ್ನಿಸತೈತಿ" ಅಂದ. ಎಂಟುನೂರು ರೂಪಾಯಿ ತೆಗೆದುಕೊಂಡು ಹೋದ. ಆ ದುಡ್ಡಿಗೆ ಕೆಸರು ಹೋಯಿತು. ಅದರ ಜೊತೆಗೆ ಹೊಣೆಯೂ ಅವನ ಚೀಲದಲ್ಲಿ ಹೋಯಿತೆಂದು ನಾನು ಹನ್ನೆರಡು ವರ್ಷ ನಂಬಿದ್ದೆ.

ಹಿಂದಿನ ಕೋಣೆಗಳಿಗೂ ಮಷೀನಿನ ನೀರಿನ ಒಂದು ನಲ್ಲಿ ಎಳೆಸಿದೆ. ಅಡುಗೆಗೆ, ಬಾಯಿ ಮುಕ್ಕಳಿಸಲು, ನಾವು ಈಗ ನೇರ ಸಂಪಿನ ನೀರನ್ನೇ ಬಳಸುತ್ತೇವೆ. ಹೆಂಡತಿಯ ಹಟ ಅದು. "ನಾಲಿಗಿಗೆ ಗೊತ್ತಾಗಬೇಕು" ಅನ್ನುತ್ತಾಳೆ. ಫ್ಲೋರೈಡಿನ ಬೋರ್ ನೀರನ್ನು ಸಂಪಿಗೆ ಬಿಡುವುದನ್ನು ನಿಲ್ಲಿಸಿ ಗಿಡಗಳಿಗೆ ತಿರುಗಿಸಿದ್ದೇವೆ.

ಆ ಸಂಸಾರ ಮಾತ್ರ ಹೊಸ ನಲ್ಲಿಯ ನೀರು ಬಹಳ ದಿನ ಕುಡಿಯಲಿಲ್ಲ. ಅದೇ ದೀಪಾವಳಿ ಮುಗಿಸಿ ಮಾನ್ವಿಗೆ ಹೋಗುತ್ತೇವೆ ಅಂದರು. ಗದ್ದೆ ಕೊಯ್ಲಿಗೆ ಕೆಲಸ ಸಿಗುತ್ತದೆ, ಹುಡುಗನ ಅಜ್ಜಿಯೂ ಇದ್ದಾಳೆ ಅಂದರು. ಅದು ನಿಜವಿರಬಹುದು. ಡಿಪಾಸಿಟ್ ಎಣಿಸಿ ಕೊಟ್ಟೆ. ಹುಡುಗ ಬಹಳ ಇಳಿದುಹೋಗಿದ್ದ, ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಟಂಟಂ ಹತ್ತಿದ.

ಈ ವರ್ಷದ ತ್ರಯೋದಶಿಗೆ ಸಂಪು ತೊಳೆಸಿ ಆಯಿತು. ಮುಚ್ಚಳದ ಒಳಬದಿಗೆ ಎಣ್ಣೆ ಬಣ್ಣದಲ್ಲಿ ತಾರೀಖು ಬರೆಯುವ ರೂಢಿ ಮಾಡಿಕೊಂಡಿದ್ದೇನೆ. ಮೊದಲಿನವನ್ನೂ ನೆನಪಿನಿಂದ ಬರೆದಿದ್ದೇನೆ, 2019ರ ಉಗಾದಿಯ ಕೆಳಗೆ 2023ರ ಆಗಸ್ಟ್, ನಡುವೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಅಟ್ಟದಿಂದ ಹಂಡೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದೆವು, ಒಲೆಗೆ ಹಾಕಲಿಲ್ಲ, ಅಂಗಳದಲ್ಲಿ ನೀರು ತುಂಬಿ ಇಟ್ಟೆವು. ಮಾನ್ವಿಯ ಆ ಹುಡುಗನ ಅಪ್ಪನ ನಂಬರ್ ಫೋನಿನಲ್ಲಿದೆ. ಸಂಪು ತೊಳೆದ ದಿನ ಪ್ರತಿ ಸಲವೂ ತೆಗೆದು ನೋಡುತ್ತೇನೆ. ಹಬ್ಬದ ಶುಭಾಶಯ ಹೇಳಬಹುದು, ಹುಡುಗ ಈಗ ಎಷ್ಟನೇ ಕ್ಲಾಸು ಅಂತ ಕೇಳಬಹುದು. ಈ ಸಲ ಒತ್ತಿಯೇಬಿಟ್ಟೆ. ನಾಲ್ಕು ಸಲ ರಿಂಗಾಯಿತು. "ಯಾರ‍್ರೀ?" ಅಂತ ಹುಡುಗನದೇ ದನಿ, ಗಟ್ಟಿಯಾಗಿ. ನಾನು ಹೆಸರು ಹೇಳಿದೆ. "ಅಪ್ಪಾ, ರಾಯಚೂರು ಸರ್" ಎಂದು ಕೂಗುತ್ತ ಫೋನ್ ಹಿಡಿದು ಎಲ್ಲಿಗೋ ಓಡಿದ, ಓಡುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.